ಒಂದೇ ಕಣ್ಣು ತೆರೆದ ಗಣಪತಿ

ಮಾಲೂರಿನ ಸ್ಟುಡಿಯೋದಲ್ಲಿ ಸಂಬಳಕ್ಕಿದ್ದ ನರೇಶನಿಗೆ ಡಿಜಿಟಲ್ ಕ್ಯಾಮೆರಾ ಕೈಗೆ ಬಂದಮೇಲೆ ನಡಿಗೆಯೇ ಬದಲಾಗಿತ್ತು. ಶಿವಾರಪಟ್ಟಣದಲ್ಲಿ ವೀರಭದ್ರಾಚಾರಿಗಳು ಗಣಪತಿಯ ಕೆತ್ತನೆ ಮುಗಿಸುವುದನ್ನು ಅವನು ಬೆಳಗಿನಿಂದ ತೆಗೆಯಬೇಕಿತ್ತು. ಕೊನೆಗೆ ಮುಹೂರ್ತ ನೋಡಿ ಉಳಿಯಿಂದ ವಿಗ್ರಹದ ಕಣ್ಣು ತೆರೆಯುವ ಫೋಟೋ ತಪ್ಪಿದರೆ ಉಳಿದವೆಲ್ಲ ದಂಡ. ಅಷ್ಟು ಹೊತ್ತು ಬ್ಯಾಟರಿ ಬಾಳದೆಂದು, ಅದನ್ನು ಸ್ಟುಡಿಯೋದಲ್ಲೇ ಬಿಟ್ಟು, ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಮಾತ್ರ ತಂದಿದ್ದ ಜಾಣ.

ಮುಹೂರ್ತಕ್ಕೆ ಸರಿಯಾಗಿ ಕರೆಂಟ್ ಹೋಗಿ ಕ್ಯಾಮೆರಾ ಆರಿತು.

"ಏನ್ಲಾ, ಮೊದಲು ನಿನ್ನ ಪೆಟ್ಟಿಗೆಗೇ ಕಣ್ಣು ತೆರೆಸಬೇಕಾ?" ಎಂದರು ಆಚಾರಿಗಳು.

"ಸ್ವಲ್ಪ ತಡೀರಿ ಆಚಾರ್ರೇ."

"ಮುಹೂರ್ತ ತಡೆಯಲ್ಲ ಕಣೋ. ಒಂದು ಕಣ್ಣು ಈಗ ತೆರೀತೀನಿ. ಇನ್ನೊಂದು ಕರೆಂಟ್ ಬಂದ್ಮೇಲೆ."

ಮುಕ್ಕಾಲು ಗಂಟೆ ಗಣಪತಿ ಒಂದೇ ಕಣ್ಣಲ್ಲಿ ನರೇಶನನ್ನು ನೋಡುತ್ತಾ ಕೂತ. ಎತ್ತ ಸರಿದರೂ ಆ ಕಣ್ಣು ಬಿಡಲಿಲ್ಲ. ಕರೆಂಟ್ ಬಂದಾಗ ನರೇಶ ಮೊದಲು ಗಲ್ಲ ಬಡಿದುಕೊಂಡು, ಆಮೇಲೆ ಬಟನ್ ಒತ್ತಿದ.