ಅತ್ತಿಗೆಯ ಕಾರಿಗೆ ನಂಬರು

ನಮ್ಮ ಅತ್ತಿಗೆಯೂ ಹೆದರುತ್ತಾಳೆ ಎಂದು ನನಗೆ ಗೊತ್ತಾಗಿದ್ದು ಅವಳು ಈ ದೇಶಕ್ಕೆ ಬಂದ ಮೇಲೆ. ನಮ್ಮೂರಿನಲ್ಲಿ ಅವಳು ಡ್ರೈವಿಂಗ್ ಟೀಚರು. ಅರ್ಧ ಊರಿನವರ ಕೈಗೆ ಸ್ಟೇರಿಂಗ್ ಕೊಟ್ಟವಳು, ಲಾರಿಯವರನ್ನೂ ಗದರಿಸಿ ಹಿಂದೆ ಸರಿಸುತ್ತಿದ್ದವಳು. ಅಣ್ಣನಿಗೆ ಇಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಾಗ, "ಕಾರು ಬಂದ್ರೆ ನಾನೂ ಬರ್ತೀನಿ, ಇಲ್ದಿದ್ರೆ ನೀವೊಬ್ರೇ ಹೋಗಿ" ಎಂದುಬಿಟ್ಟಳು. ಅಣ್ಣ ಗೊಣಗಿದ, ಮುನಿಸಿಕೊಂಡ. ಕೊನೆಗೆ ಹೆಂಡತಿ ವಿಮಾನ ಹತ್ತುವ ಮೊದಲೇ ಕಾರು ಹಡಗು ಹತ್ತಿತು.

ಆ ಕಾರು ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಗುಂಡು ಮೂತಿ, ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದ ಸದ್ದು. ಕಲಿಸುವ ಕಾರಾದ್ದರಿಂದ ಡ್ರೈವರ್ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. "ಹುಣಿಸೆ ಮುಪ್ಪಾದ್ರೆ ಹುಳಿ ಮುಪ್ಪೇ?" ಎಂದು ಅತ್ತಿಗೆ ಅದರ ಬಾನೆಟ್ ತಟ್ಟುತ್ತಿದ್ದಳು.

ಇಲ್ಲಿಯ ಸಾರಿಗೆ ಕಚೇರಿಗೆ ಹುಣಿಸೆಯೂ ಬೇಡ, ಹುಳಿಯೂ ಬೇಡ. ಹೊರದೇಶದಿಂದ ಬಂದ ಹಳೇ ಕಾರಿಗೆ ನಂಬರು ಸಿಗಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕು. ಎರಡೇ ಅವಕಾಶ. ಎರಡರಲ್ಲೂ ಫೇಲಾದರೆ ಜಜ್ಜಿ ತಗಡು ಮಾಡುತ್ತಾರೆ. ಮೊದಲ ಸಲವೇ ಫೇಲಾಯಿತು. ಪಕ್ಕದ ಬ್ರೇಕು ಇದ್ದರೆ ತಕರಾರಿಲ್ಲ, ಆದರೆ ಓಡುತ್ತಿರುವಾಗ ಗಾಡಿ ತಾನಾಗಿಯೇ ಬ್ರೇಕು ಹಿಡಿಯುತ್ತದೆ, ಇದು ಅಪಾಯ ಎಂದರು.

ಮೆಕ್ಯಾನಿಕ್ ನಾಲ್ಕೂ ಚಕ್ರ ಬಿಚ್ಚಿದ. ಏನೂ ಸಿಗಲಿಲ್ಲ. ಅತ್ತಿಗೆಯ ಎದೆ ಒಡೆದದ್ದು ಆಗಲೇ.

"ಕಾಯಿಲೆ ಇದ್ರೆ ಔಷಧಿ ಕೊಡಿಸ್ಬೋದು. ಇಲ್ದಿರೋ ಕಾಯಿಲೆಗೆ ಏನ್ ಮಾಡ್ಲಿ?" ಎಂದು ತಟ್ಟೆ ಮುಂದೆ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಹಗಲೆಲ್ಲ ಕೆಳಗಿನ ಪಾರ್ಕಿಂಗಿಗೆ ಹೋಗಿ ಕಾರಿನೊಳಗೆ ಕೂತುಬಿಡುವಳು. ಇಲ್ಲಿ ಅವಳಿಗೆ ಭಾಷೆ ಬಾರದು, ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ತರುತ್ತಾಳೆ. ಅವಳು ಹೇಳಿದಂತೆ ಕೇಳುವುದು ಆ ಕಾರೊಂದೇ. ಅದೂ ಹೋದರೆ ಅತ್ತಿಗೆ ಉಳಿಯುತ್ತಾಳೆಯೇ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಎರಡನೇ ತಪಾಸಣೆಗೆ ನಾನೂ ಹೋದೆ. ಇಲ್ಲಿಗೆ ಮೊದಲು ಬಂದವಳು ನಾನು, ಭಾಷೆ ಬಲ್ಲೆ. ಅತ್ತಿಗೆಗೆ ಬಾಯಿ ಬೇಕಿತ್ತು, ನಾದಿನಿಯರಿಗೆ ಅದೊಂದಕ್ಕೆ ಬರವೇ?

ಅಂಗಳದ ತಂತಿಬೇಲಿಯ ಆಚೆ ಫೇಲಾದ ಕಾರುಗಳು ನಿಂತಿದ್ದವು, ಒಂದೊಂದರ ಮೇಲೂ ಹಳದಿ ಬಣ್ಣದ ಅಡ್ಡಗೀಟು. ಕ್ರೇನೊಂದು ನೀಲಿ ಕಾರನ್ನು ಎತ್ತಿ ಜಜ್ಜುವ ಯಂತ್ರದೊಳಕ್ಕೆ ಹಾಕಿತು. ಗಾಜು ಪುಡಿಯಾದ ಸದ್ದು ಬಂತು. ಅತ್ತಿಗೆ ನನ್ನ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

ತಪಾಸಣೆಯವನು ಸಿಳ್ಳೆ ಹಾಕುತ್ತ ಬಂದು ಸ್ಟೇರಿಂಗ್ ಮುಂದೆ ಕೂತ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. "ಬೇಕಿದ್ರೆ ಜೊತೇಲಿ ಬನ್ನಿ" ಎಂದ. ಅದನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತಿಗೆ ಪಕ್ಕದ ಸೀಟಿನಲ್ಲಿದ್ದಳು. ನಾನು ಅವನ ಹಿಂದಿನ ಸೀಟಿನಲ್ಲಿ ಕೂತೆ.

ಮೊದಲ ತಿರುವಿನಲ್ಲೇ ಕಾರು ಜಗ್ಗಿತು. ಅವನು ತಲೆಯಾಡಿಸಿದ. ಬಸ್ಸೊಂದು ಹತ್ತಿರ ಬಂತು, ಮತ್ತೆ ಜಗ್ಗಿತು. ಅತ್ತಿಗೆಯ ಮುಖ ನೋಡಿದೆ: ಕಣ್ಣು ರಸ್ತೆಯ ಮೇಲೆ, ತುಟಿ ಪಿಟಿಪಿಟಿ. ಮುಂದೆ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಅತ್ತಿಗೆಯ ಉದ್ದ ಕೋಟಿನ ಕೆಳಗೆ ಮೊಣಕಾಲು ಸರಕ್ಕನೆ ಮುಂದೆ ಹೋಯಿತು, ಕಾರು ಜಗ್ಗಿತು.

"ಅತ್ತಿಗೆ, ಕಾಲು!" ಎಂದು ಕಿರುಚಿದೆ.

"ಏನಾಯ್ತು ಕಾಲಿಗೆ?"

"ಬ್ರೇಕ್ ಹಾಕ್ತಿರೋದು ನೀನೇ!"

"ಹುಚ್ಚಾ ನಿಂಗೆ? ನನ್ನ ಕಾರನ್ನ ನಾನೇ..." ಎನ್ನುತ್ತ ಅವಳು ಕೋಟು ಎತ್ತಿ ಬಗ್ಗಿ ನೋಡಿದಳು. ಚಪ್ಪಲಿ ಬ್ರೇಕಿನ ಮೇಲೇ ಇತ್ತು. ಬೇರೆ ಯಾರದೋ ಕಾಲೆಂಬಂತೆ ಅದನ್ನೇ ನೋಡುತ್ತ ಉಳಿದಳು.

ನಾನು ಅವನಿಗೆ ತಡವರಿಸುತ್ತ ಎಲ್ಲ ಹೇಳಿದೆ, ಮೊದಲ ತಪಾಸಣೆಯಲ್ಲೂ ಅವಳು ಇದೇ ಸೀಟಿನಲ್ಲಿ ಕೂತಿದ್ದಳೆಂದೂ ಸೇರಿಸಿದೆ. ಅವನ ಸಿಳ್ಳೆ ನಿಂತಿತು. ಕಾರನ್ನು ಪಕ್ಕಕ್ಕೆ ಹಾಕಿ, "ಇಬ್ರೂ ಇಳೀರಿ" ಎಂದಷ್ಟೇ ಅಂದ.

ನಾವು ಫುಟ್‌ಪಾತಿನ ಮೇಲೆ ನಿಂತೆವು. ಕಾರು ಔಷಧಿ ಅಂಗಡಿಯ ಮೂಲೆ ತಿರುಗಿ ಮರೆಯಾಯಿತು.

"ಎಲ್ಲಿಗೆ ಹೊಡ್ಕೊಂಡು ಹೋದ? ಬೇಲಿ ಆಚೆಗೇನೇ?"

"ಇಲ್ಲ ಅತ್ತಿಗೆ, ಪರೀಕ್ಷೆ ಮಾಡ್ತಿದಾನೆ" ಎಂದೆ, ಧೈರ್ಯವಿದ್ದವಳ ಹಾಗೆ. ಬಾಯಿಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಬೇಕೆಂದೇ ಮೋಸ ಮಾಡಿದಿರಿ ಎಂದು ಅವನು ಬರೆದುಬಿಟ್ಟರೆ? ರಸ್ತೆಯಲ್ಲಿ ಬೇರೆ ಬೇರೆ ಕಾರುಗಳು ಬಂದವು, ಹೋದವು, ನಮ್ಮದು ಮಾತ್ರ ಬರಲಿಲ್ಲ. ಅತ್ತಿಗೆ ಫುಟ್‌ಪಾತಿನ ಕಲ್ಲಿನ ಅಂಚಿನ ಮೇಲೆ ಕೂತಳು.

ಕೊನೆಗೆ ಅದು ಎದುರು ದಿಕ್ಕಿನಿಂದ ಬಂದು, ಬೆಣ್ಣೆಯ ಮೇಲೆ ಜಾರಿದಂತೆ ನಿಂತಿತು. ಅವನು ಇಳಿದು, "ಬ್ರೇಕು ಚೆನ್ನಾಗೇ ಇದೆ. ನಂಬರ್ ಕೊಡ್ತೀವಿ" ಎಂದು ಕೀಲಿಕೈ ಅತ್ತಿಗೆಯ ಕೈಗಿಟ್ಟ.

ನಾನು ಅವಳನ್ನು ತಬ್ಬಿಕೊಂಡೆ, ಅತ್ತೂಬಿಟ್ಟೆ. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ಒಳಗೆ ಕೂತು ಕೀಲಿ ತಿರುಗಿಸದೆ ಹಾಗೇ ಇದ್ದಳು.

"ಗೆದ್ವಲ್ಲ ಅತ್ತಿಗೆ, ಇನ್ಯಾಕೆ ಹೀಗಿದೀಯ?"

"ಕಲಿಯೋಕೆ ಬರ್ತಿದ್ದೋರಲ್ಲಿ ಎಷ್ಟೋ ಜನಾನ ವಾಪಸ್ ಕಳಿಸಿದೀನಿ ಕಣೆ. ಸುಮ್‌ಸುಮ್ನೆ ಬ್ರೇಕ್ ಹಾಕ್ತೀರ, ನಿಮ್ಮ ಕೈಲಾಗಲ್ಲ, ಮನೇಲಿರಿ ಅಂತ." ಅವಳು ಪಕ್ಕದ ಸೀಟಿನ ಕೆಳಗಿನ ಬ್ರೇಕನ್ನೇ ನೋಡಿದಳು. "'ನಾವು ಹಾಕ್ಲಿಲ್ಲ ಟೀಚರ್' ಅಂತ ಅಳ್ತಾ ಹೇಳ್ತಿದ್ರು. ನಾನು ಒಬ್ರನ್ನೂ ನಂಬ್ಲಿಲ್ಲ."