ರೆಸ್ಯೂಮೆ ಮೇಷ್ಟ್ರ ತುಳಸಿ ಗಿಡ

ಟೆಕ್ಸಸ್‌ನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಪ್ರಭಂಜನನ ಕಾರು ಕಂಡರೆ ಸಾಕು, ಕನ್ನಡದವರ ಹೈಸ್ಕೂಲ್ ಮಕ್ಕಳು ಬಾತ್‌ರೂಮ್ ಹೊಕ್ಕು ಚಿಲಕ ಹಾಕಿಕೊಳ್ಳುತ್ತಿದ್ದರು. ಕೈಗೆ ಸಿಕ್ಕವರಿಂದೆಲ್ಲ ಅವನು ರೆಸ್ಯೂಮೆ ಬರೆಸುತ್ತಿದ್ದ. ಎರಡು ಸಾವಿರದ ಎರಡನೆಯ ಇಸವಿ ಅದು. ಕಂಪ್ಯೂಟರ್ ಕಂಪನಿಗಳು ಚಾಪೆಯ ಧೂಳು ಕೊಡವಿದ ಹಾಗೆ ಜನರನ್ನು ಕೊಡವಿ ಹೊರಗೆ ಹಾಕುತ್ತಿದ್ದ ಕಾಲ. ಬೇಸಿಗೆ ರಜೆಯಲ್ಲಿ ಸಣ್ಣಪುಟ್ಟ ಕೆಲಸ ಹುಡುಕುವ ಮಕ್ಕಳಿಗೂ ಅರ್ಜಿ ಬರೆಯಲು ಕಲಿಸಬೇಕೆಂದು ಕನ್ನಡ ಸಂಘದ ಅಧ್ಯಕ್ಷ ಜಯಂತ ತನ್ನ ಗರಾಜಿನಲ್ಲಿ ಭಾನುವಾರದ ಪಾಠ ಇಡಿಸಿದ. ಮೇಷ್ಟ್ರು ಯಾರು? ಹತ್ತಾರು ಜನರನ್ನು ಆಳುವ ಮ್ಯಾನೇಜರ್ ಪ್ರಭಂಜನ.

ಆಳುತ್ತಿದ್ದ ಎನ್ನಬೇಕು. ಆ ಕೆಲಸ ಹೋಗಿ ಆಗಲೇ ಅರ್ಧ ವರ್ಷವಾಗಿತ್ತು. ಅದು ಗೊತ್ತಿದ್ದವಳು ಹೆಂಡತಿ ಕುಮುದಾ ಒಬ್ಬಳೇ. ಗ್ರೀನ್ ಕಾರ್ಡ್ ಇತ್ತು, ದೇಶ ಬಿಡುವ ಭಯವಿರಲಿಲ್ಲ. ಇದ್ದದ್ದು ನಮ್ಮವರಿಗೆ ಗೊತ್ತಾದರೆ ಎಂಬ ಭಯ. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಇಲ್ಲದ ಲ್ಯಾಪ್‌ಟಾಪ್ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಲೈಬ್ರರಿಗೆ ಹೋಗಿ ಸಂಜೆಯವರೆಗೆ ಕೂರುತ್ತಿದ್ದ.

ಪಾಠದಲ್ಲಿ ಮಾತ್ರ ಮಹಾರಾಜ. ಅವನ ಪ್ರಕಾರ ರೆಸ್ಯೂಮೆ ಎಂದರೆ ದೋಸೆಹಿಟ್ಟು: ರುಬ್ಬಿದ್ದು ಎಷ್ಟಾದರೂ ಇರಲಿ, ಪಾತ್ರೆ ತುಂಬ ಉಬ್ಬಿ ಬರಬೇಕು.

"ದಿಯಾ, ಇದುವರೆಗೆ ಏನು ಕೆಲಸ ಮಾಡಿದೀಯಮ್ಮ?"

"ನಥಿಂಗ್, ಅಂಕಲ್. ಗಣೇಶನ ಹಬ್ಬದಲ್ಲಿ ಪಾಯಸ ಬಡಿಸಿದ್ದೆ."

"ನಥಿಂಗ್ ಅನ್ನಬಾರದು. ಬರಿ: ಫುಡ್ ಡಿಸ್ಟ್ರಿಬ್ಯೂಷನ್ ಕೋಆರ್ಡಿನೇಟರ್."

"ಬಟ್ ಅಂಕಲ್, ನಾನು ಬಕೆಟ್ ಹಿಡ್ಕೊಂಡಿದ್ದೆ ಅಷ್ಟೆ!"

"ಬಕೆಟ್ ಸುದ್ದಿ ಎತ್ತಲೇಬೇಡ."

ರಿಷಭ್ ಎಂಬ ಹುಡುಗ ಮನೆಯಲ್ಲಿ ಅಜ್ಜಿಯ ಕನ್ನಡಕ ಹುಡುಕಿಕೊಡುತ್ತಿದ್ದ. ಅವನು 'ಅಸೆಟ್ ರಿಕವರಿ ಸ್ಪೆಷಲಿಸ್ಟ್' ಆದ. ಕನ್ನಡಕ ಅಜ್ಜಿಯ ತಲೆಯ ಮೇಲೇ ಇರುತ್ತಿತ್ತು ಎಂಬುದು ಹಾಳೆಗೆ ಬರಲಿಲ್ಲ.

ಇತ್ತ ಕುಮುದಾಳ ತಾಳ್ಮೆ ತೀರಿತು. "ರೀ, ಲೈಬ್ರರಿ ಕುರ್ಚಿಗೂ ನಿಮ್ಮನ್ನ ನೋಡಿ ಸಾಕಾಗಿರತ್ತೆ. ಯಾವುದಾದ್ರೂ ಅಂಗಡೀಲಿ ಕೆಲಸ ಕೇಳಿ."

"ಯಾರಾದ್ರೂ ನೋಡಿದ್ರೆ?"

"ನೋಡಿದ್ರೆ ನಮಸ್ಕಾರ ಅನ್ನಿ."

ಯೋಚಿಸಿ ಯೋಚಿಸಿ ಊರಾಚೆಯ ಗಿಡಗಳ ನರ್ಸರಿಯೊಂದನ್ನು ಆರಿಸಿದ. ನಮ್ಮವರು ಕರಿಬೇವು ಬಿಟ್ಟರೆ ಬೇರೆ ಗಿಡಕ್ಕೆ ಡಾಲರ್ ಬಿಚ್ಚುವವರಲ್ಲ, ಅಲ್ಲಿ ಕರಿಬೇವು ಸಿಗುತ್ತಿರಲಿಲ್ಲ. ಇನ್ನು ತನ್ನದೇ ರೆಸ್ಯೂಮೆ. ಇಷ್ಟು ಓದಿದವನೆಂದು ತಿಳಿದರೆ ಮೂಟೆ ಹೊರುವ ಕೆಲಸ ಯಾರು ಕೊಡುತ್ತಾರೆ? ಎಂ.ಟೆಕ್. ಕಿತ್ತ. ಮ್ಯಾನೇಜರ್ ಕಿತ್ತ. ಕೊನೆಗೆ ಉಳಿದದ್ದು ಹೆಸರು ಮತ್ತು ಫೋನ್ ನಂಬರು. ಬೋಳು ಹಾಳೆಯನ್ನು ಮೇಷ್ಟ್ರಿಗೆ ನೋಡಲಾಗಲಿಲ್ಲ. ಬಾಗಿಲ ಬಳಿ ಕುಮುದಾಳ ತುಳಸಿ ಗಿಡ ಕಣ್ಣಿಗೆ ಬಿತ್ತು. ಬರೆದ: ತೋಟಗಾರಿಕೆಯಲ್ಲಿ ಹದಿನೈದು ವರ್ಷಗಳ ಅನುಭವ.

ನರ್ಸರಿಯ ಒಡತಿ ಹುಲ್ಲಿನ ಟೋಪಿ ಹಾಕಿದ ಬಿಳಿಕೂದಲ ಟೆಕ್ಸಸ್ ಹೆಂಗಸು. ಓದಿ ಹುಬ್ಬೇರಿಸಿದಳು. "ಹದಿನೈದು ವರ್ಷ! ಏನೇನು ಬೆಳೆದಿದ್ದೀರಿ?"

"ಔಷಧೀಯ ಸಸ್ಯಗಳು," ಎಂದ ಪ್ರಭಂಜನ ತನ್ನ ಆಫೀಸ್ ಇಂಗ್ಲಿಷಿನಲ್ಲಿ.

"ಯಾವ್ಯಾವುದು?"

"ಮುಖ್ಯವಾಗಿ... ಒಂದು."

"ಅಂಕಲ್?" ಎಂದಿತು ಬೆನ್ನ ಹಿಂದಿನ ದನಿ. ತಿರುಗಿದರೆ ಹಸಿರು ಏಪ್ರನ್ ತೊಟ್ಟು, ನೀರಿನ ಪೈಪ್ ಹಿಡಿದು ದಿಯಾ ನಿಂತಿದ್ದಾಳೆ! ಮಕ್ಕಳಿಗೆ ಕೆಲಸ ಸಿಕ್ಕಿತೆಂದು ಸಂಘದಲ್ಲಿ ಡಂಗುರ ಹೊಡೆದಿದ್ದನೇ ಹೊರತು, ಎಲ್ಲಿ ಸಿಕ್ಕಿತೆಂದು ಮೇಷ್ಟ್ರು ಕೇಳಿರಲಿಲ್ಲ.

"ನಿನಗೆ ಇವರು ಗೊತ್ತೇ?" ಒಡತಿ ಕೇಳಿದಳು.

"ನನ್ನ ರೆಸ್ಯೂಮೆ ಬರೆಸಿದವರು ಇವರೇ."

"ಓಹೋ, ಆ ಕೋಆರ್ಡಿನೇಟರ್ ಮೇಷ್ಟ್ರೇ!" ಒಡತಿ ತೊಡೆ ತಟ್ಟಿ ನಕ್ಕಳು. "ಅದನ್ನು ಓದಿ ಇವಳನ್ನು ಮನೆಗೆ ಕಳಿಸುವವಳಿದ್ದೆ. ತುಂಬಿದ ಬಕೆಟ್ ಎತ್ತಿ ಅಭ್ಯಾಸವಿದೆ ಎಂದು ಬಾಯಲ್ಲಿ ಹೇಳಿದಳಲ್ಲ, ಅದಕ್ಕೆ ಇಟ್ಟುಕೊಂಡೆ. ಹೇಳು ದಿಯಾ, ಇವರಿಗೆ ಗಿಡದ ವಿಷಯ ಏನು ಗೊತ್ತು?"

ಪ್ರಭಂಜನ ಕಣ್ಣಲ್ಲೇ ಬೇಡಿಕೊಂಡ. ಹುಡುಗಿ ಪೈಪ್ ಕೆಳಗಿಟ್ಟಳು.

"ಏನೂ ಗೊತ್ತಿಲ್ಲ. ತುಳಸಿಗೆ ನೀರು ಹಾಕುವುದೂ ಆಂಟಿಯೇ. ಆದರೆ ಪಾಠಕ್ಕೆ ಒಂದು ದಿನವೂ ತಡವಾಗಿ ಬಂದಿಲ್ಲ. ನಮ್ಮ ಸಂಘದಲ್ಲಿ ಅಂಥವರು ಇವರೊಬ್ಬರೇ."

ಒಡತಿ ರೆಸ್ಯೂಮೆ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಸಿಕ್ಕಿಸಿದಳು. "ನಾಳೆಯಿಂದ ಬನ್ನಿ. ಗೊಬ್ಬರದ ಮೂಟೆ ಹೊರಬೇಕು. ಇಸ್ತ್ರಿ ಅಂಗಿ ಬೇಡ."

ಹೊರಡುವಾಗ ಪ್ರಭಂಜನ ದನಿ ತಗ್ಗಿಸಿದ. "ದಿಯಾ, ಸಂಘದಲ್ಲಿ ಯಾರಿಗೂ..."

"ನಾನಾಗಿ ಹೇಳಲ್ಲ ಅಂಕಲ್. ಬಟ್ ಕೇಳಿದ್ರೆ ಸುಳ್ಳೂ ಹೇಳಲ್ಲ."

ಭಾನುವಾರ ಗರಾಜಿನಲ್ಲಿ ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರೆಲ್ಲ ಕಾಫಿ ಹಿಡಿದು ನಿಂತಿದ್ದರು. ಜಯಂತ ಹತ್ತಿರ ಬಂದ. "ಏನಪ್ಪಾ ಪ್ರಭಂಜನ, ಮುಖ ಎಲ್ಲಾ ಬಿಸಿಲಿಗೆ ಸುಟ್ಟು ಹೋಗಿದೆ! ಆಫೀಸಲ್ಲಿ ಏನು ಹೊಸ ಪ್ರಾಜೆಕ್ಟು?"

ಗೊಬ್ಬರ ಹೊರುವುದಕ್ಕೆ 'ಸಾಯಿಲ್ ಲಾಜಿಸ್ಟಿಕ್ಸ್' ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ದಿಯಾ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಪ್ರಭಂಜನ ಆ ಮಾತು ನುಂಗಿದ.

"ಆಫೀಸು ಹೋಗಿ ಆರು ತಿಂಗಳ ಮೇಲಾಯ್ತು, ಜಯಂತ್. ನರ್ಸರೀಲಿ ಗೊಬ್ಬರ ಹೊರ್ತಿದೀನಿ."

ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಮನೆಯ ಕೆಲಸ ನೆನಪಾಯಿತು. ರಿಷಭ್ ಸದ್ದಿಲ್ಲದೆ 'ಅಸೆಟ್ ರಿಕವರಿ'ಯ ಮೇಲೆ ಗೀಟು ಎಳೆದ.

ಪಾಠ ಮುಗಿಸಿ ಪ್ರಭಂಜನ ಕಾರಿನ ಬಾಗಿಲು ತೆಗೆಯುವಾಗ ಜಯಂತ ಹಿಂದೆಯೇ ಬಂದ. ಅತ್ತ ಇತ್ತ ನೋಡಿದ.

"ಅಲ್ಲಿ ಇನ್ನೊಬ್ಬರು ಬೇಕಂತೇನೋ?"

"ಯಾರಿಗೆ?"

"ನನಗೇ ಕಣೋ. ಯುಗಾದಿಗೆ ಮುಂಚೇನೇ ನನ್ನ ತೆಗೆದ್ರು. ಹೆಂಡತಿಗೂ ಹೇಳಿಲ್ಲ."

ಪ್ರಭಂಜನ ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ಗಿಡದ ಅನುಭವ ಏನಾದ್ರೂ ಇದೆಯಾ?"

"ಮನೆ ಮುಂದೆ ಒಂದು ದಾಸವಾಳ ಇದೆ."

"ಅದನ್ನ ಬರೀಲೇಬೇಡ. ಮೂಟೆ ಎತ್ತುತ್ತೀನಿ ಅಂತ ಬರಿ. ನಾಳೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಾ."

ಜಯಂತ ಬಂದದ್ದು ಹತ್ತೂವರೆಗೆ. ಎಷ್ಟಾದರೂ ಸಂಘದ ಅಧ್ಯಕ್ಷ.