ಅವ್ವನ ಅಂಗೈ

ಆಗೆಲ್ಲ ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ಯಾರ ಮಗುವಿಗೆ ಮೈ ಬೆಚ್ಚಗಾದರೂ ಮೊದಲು ತೋರಿಸುತ್ತಿದ್ದದ್ದು ನಮ್ಮವ್ವನಿಗೆ. ಹಣೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, 'ಐತಿ' ಇಲ್ಲವೇ 'ಇಲ್ಲ' ಅನ್ನುತ್ತಿದ್ದಳು. ಅದು ಸುಳ್ಳಾದದ್ದನ್ನು ನಾನಂತೂ ಕಂಡಿರಲಿಲ್ಲ. ಮತ್ತೆ ಮನೆಯಲ್ಲಿ ಥರ್ಮಾಮೀಟರ್ ಯಾಕೆ ಬೇಕಿತ್ತು ಹೇಳಿ.

ಆ ಮಳೆಗಾಲದಲ್ಲಿ ಅವ್ವ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಮಾಡಿಕೊಡಲು ಹಿಡಿದಳು. ಬೆಳಗಿನಿಂದಲೇ ಪಟಪಟ ಬಡಿಯುವ ಸದ್ದು, ಕಾದ ಹಂಚಿನ ಮೇಲೆ ಸುಟ್ಟ ಹಿಟ್ಟಿನ ವಾಸನೆ. ನಾನೂ ತಂಗಿ ಗೀತಾಳೂ ಪ್ಯಾಸೇಜಿನಲ್ಲಿ ಕೇರಂ ಆಡುತ್ತ, ಹರಿದ ರೊಟ್ಟಿಗಳಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆವು.

ಒಂದು ದಿನ ಗೀತಾ ರೊಟ್ಟಿ ಬೇಡವೆಂದು ಮಲಗಿದಳು. ಅವ್ವ ಹಂಚಿನ ಮುಂದಿನಿಂದ ಎದ್ದು ಬಂದು ಹಣೆ ಮುಟ್ಟಿದಳು.

"ಎಲ್ಲೈತಿ ಜ್ವರಾ? ತಣ್ಣಗ ಅದಾಳ. ಸಾಲಿ ತಪ್ಪಸಾಕ ನಾಟಕ."

ಮಾರನೆಯ ದಿನವೂ ಅದೇ ಮಾತು. ರಾತ್ರಿ ಪಕ್ಕದಲ್ಲಿ ಮಲಗಿದಾಗ ಗೀತಾಳ ಕಾಲು ನನಗೆ ಬಿಸಿ ಹತ್ತಿತ್ತು. ಅವ್ವನೇ ಇಲ್ಲ ಅಂದಮೇಲೆ, ನನ್ನ ಮೈಯೇ ತಣ್ಣಗಿರಬೇಕು ಅಂದುಕೊಂಡೆ.

ಪಕ್ಕದ ಖೋಲಿಯ ಶಾರದಕ್ಕ ನೋಡಲು ಬಂದರು. ಅವರು ಉಡುಪಿ ಕಡೆಯವರು.

"ಮಗುವಿನ ಮೈ ಸುಡ್ತಾ ಉಂಟಲ್ಲ ಅಕ್ಕ. ನಿಮ್ಮ ಕೈ ಇಷ್ಟು ಹೊತ್ತು ಕಾವಲಿ ಹತ್ರ ಕಾದದ್ದು. ಸ್ವಲ್ಪ ನೀರಲ್ಲಿ ಅದ್ದಿ ಮತ್ತೊಮ್ಮೆ ಮುಟ್ಟಿ ನೋಡಿ."

"ಇಷ್ಟ ವರ್ಷ ತಪ್ಪಲಾರದ ಕೈ ಇವತ್ತ ತಪ್ಪತೈತೇನ್ರಿ?" ಎಂದು ಅವ್ವ ನಕ್ಕಳು. ಶಾರದಕ್ಕ ತಮ್ಮ ಖೋಲಿಗೆ ಹೋದರು.

ಬೆಂಕಿಯ ಮುಂದಿನಿಂದ ಎದ್ದು ಬಂದ ಅಂಗೈಗೆ ಯಾವ ಹಣೆಯಾದರೂ ತಣ್ಣಗೇ. ಮೊದಲೆಲ್ಲ ಅವಳು ಅಷ್ಟು ರೊಟ್ಟಿ ಬಡಿಯುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ. ಇದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಶಾರದಕ್ಕ ಬಂದುಹೋದ ಮರುದಿನ ಮಧ್ಯಾಹ್ನ ಗ್ಯಾಸ್ ಖಾಲಿಯಾಯಿತು. ಸಿಲಿಂಡರ್ ಬರುವ ತನಕ ಮಾಡುವುದೇನು, ಅವ್ವ ಕೈ ತೊಳೆದುಕೊಂಡು ಗೀತಾಳ ಪಕ್ಕ ಕೂತಳು. ಎಷ್ಟೋ ಹೊತ್ತಿನ ಮೇಲೆ ಅವಳ ಮುಖದ ಮೇಲಿನ ಕೂದಲು ಸರಿಸಲು ಹೋಗಿ ಕೈ ಹಿಂದಕ್ಕೆಳೆದುಕೊಂಡಳು. ಮತ್ತೆ ಮುಟ್ಟಿದಳು. ಅವಳನ್ನು ಎತ್ತಿಕೊಂಡು ಮಳೆಯಲ್ಲೇ ರಿಕ್ಷಾಕ್ಕೆ ಓಡಿದಳು. ನಾದಿದ ಹಿಟ್ಟು ಹಾಗೇ ಬಿದ್ದಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಅಳು ಬರಲಿಲ್ಲ, ಏನೂ ಬರಲಿಲ್ಲ.

ಜ್ವರ ತಲೆಗೇರಿದೆ, ತಡವಾಯಿತು ಎಂದರು ಡಾಕ್ಟರು. ಗೀತಾ ಬದುಕಿದಳು. ಎರಡೂ ಕಿವಿ ಹೋದವು.

ಅಂದಿನಿಂದ ನನ್ನ ಹಣೆಯ ಮೇಲೂ ಅವ್ವನ ಕೈ ಬಂದಿಲ್ಲ. ರೊಟ್ಟಿಯ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಆ ಅಂಗೈ ಈಗ ತಣ್ಣಗಿದೆ, ಮುಟ್ಟಿದರೆ ಸರಿಯಾಗಿಯೇ ಹೇಳೀತು. ಆದರೂ ಮೊನ್ನೆ ನನ್ನ ಮಗಳಿಗೆ ಜ್ವರ ಬಂದಾಗ ಅವ್ವ ಬಾಗಿಲಲ್ಲೇ ನಿಂತಳು.

"ಆ ಜ್ವರದ ಮಶೀನ್ ಹಚ್ಚಿ ನೋಡು."

"ಅಜ್ಜಿ, ನೀನೇ ನೋಡ್ ನಾ," ಎಂದು ಮಗಳು ಕೈ ಚಾಚಿದಳು.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.